ಬಾಚಣಿಗೆಗೆ ಅಂಟಿದ ಕಾಗದ ಸೀಸದ ಕಡ್ಡಿಗೆ ಏಕೆ ಅಂಟಲಿಲ್ಲ?

ಗುತ್ತಲು ರಸ್ತೆಯ ತಾಯಿ | ಮಂಡ್ಯ | ಭಾನುವಾರ ಸಂಜೆ 6.40

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ತರಗತಿ, ಮಗ ಹತ್ತನೇ ತರಗತಿ. ಅವಳಿಗೆ ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಪಾಠ, ಅವನಿಗೆ ಇಂಗಾಲದ ಪಾಠ. ಇವತ್ತು ಎರಡೂ ಪಾಠಗಳು ನಮ್ಮ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತವು. ತೀರ್ಪು ಹೇಳಲು ನನ್ನಿಂದ ಆಗಲಿಲ್ಲ. ನಾನು ಓದಿದ್ದು ವಾಣಿಜ್ಯ.

ನಡೆದದ್ದು ಇಷ್ಟು. ಮಗಳು ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಹಳೆಯ ಕ್ಯಾಲೆಂಡರಿನ ಚೂರುಗಳ ಮೇಲೆ ಹಿಡಿದಳು. ಒಂದು ಚೂರೂ ಅಲುಗಲಿಲ್ಲ. ಹಿಂದಿನ ರಾತ್ರಿ ಅವಳ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದವಳು ನಾನೇ. ಸೀಗೆಕಾಯಿ ಹಾಕಿ ತಲೆಗೆ ಎರೆದು, ಮಹಡಿಯ ಬಿಸಿಲಿನಲ್ಲಿ ಒಣಗಿಸಿಕೊಂಡು ಬಂದ ಮೇಲೆ ಬಾಚಿದರೆ ಕೂದಲು ಚಿಟಿಚಿಟಿ ಎಂದಿತು. ಚೂರುಗಳು ಎದ್ದು ಬಂದು ಬಾಚಣಿಗೆಯ ಹಲ್ಲುಗಳಿಗೆ ನೇತಾಡಿದವು. ಎರಡು ಮೂರು ಚೂರುಗಳು ಅಂಟಿದ ಮರುಕ್ಷಣವೇ ಹಾರಿ ಬಿದ್ದವು, ಅದು ಇನ್ನೊಂದು ಸೋಜಿಗ.

ಅಷ್ಟರಲ್ಲಿ ಮಗ ಬಂದು, ಪ್ಲಾಸ್ಟಿಕ್ ಎಂದರೆ ಇಂಗಾಲದ ಸಂಯುಕ್ತ, ನನ್ನ ಪುಸ್ತಕದಲ್ಲಿದೆ ಎಂದ. ಹಾಗಾದರೆ ಬರೀ ಇಂಗಾಲವೇ ಇರುವ ವಸ್ತು ಇನ್ನೂ ಚೆನ್ನಾಗಿ ಎಳೆಯಬೇಕಲ್ಲ ಎಂದು ಇವಳು ಅವನ ಚಿತ್ರಕಲೆಯ 6ಬಿ ಪೆನ್ಸಿಲಿನ ಮರವನ್ನೆಲ್ಲ ಕೆತ್ತಿ ಹಾಕಿ, ಒಳಗಿನ ಕಡ್ಡಿಯನ್ನು ತೆಗೆದು ತಲೆಗೆ ಉಜ್ಜಿದಳು. ಕೂದಲು ಕಪ್ಪಾದದ್ದೇ ಬಂತು. ಚೂರುಗಳು ಮಿಸುಕಲಿಲ್ಲ. ಅಣ್ಣನಿಗೆ ಪೆನ್ಸಿಲ್ ಹೋಯಿತೆಂಬ ಸಿಟ್ಟು, ತಂಗಿಗೆ ಉತ್ತರ ಸಿಗಲಿಲ್ಲವೆಂಬ ಸಿಟ್ಟು. ಎರಡೂ ಇಂಗಾಲವೇ ಆದರೆ ಒಂದು ಏಕೆ ಎಳೆಯುತ್ತದೆ, ಇನ್ನೊಂದು ಏಕೆ ಎಳೆಯುವುದಿಲ್ಲ?

ಜೆ.ಪಿ. ನಗರ ಮೂಲೆಮನೆ | ಮೈಸೂರು | ಭಾನುವಾರ ಸಂಜೆ 7.05

ಪ್ರಶ್ನೆಯೇ ತಪ್ಪು. ಪೆನ್ಸಿಲಿನಲ್ಲಿರುವುದು ಸೀಸ, ಇಂಗಾಲವಲ್ಲ. ಸೀಸದ ಕಡ್ಡಿ ಎಂದು ಹೆಸರೇ ಹೇಳುತ್ತಿದೆಯಲ್ಲ.

ನಿವೃತ್ತ ಮೇಷ್ಟ್ರು | ಕುವೆಂಪುನಗರ, ಮೈಸೂರು | ಭಾನುವಾರ ರಾತ್ರಿ 9.12

ಮೂಲೆಮನೆಯವರೇ, ಸೀಸದ ಕಡ್ಡಿಯಲ್ಲಿ ಗುಲಗಂಜಿಯಷ್ಟೂ ಸೀಸವಿಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಗ್ರಾಫೈಟಿನ ಗಣಿ ಸಿಕ್ಕಿತು. ಕಪ್ಪಗೆ ಹೊಳೆಯುತ್ತಿದ್ದ ಅದನ್ನು ಜನ ಒಂದು ಬಗೆಯ ಸೀಸವೆಂದೇ ನಂಬಿದರು. ಅದು ಇಂಗಾಲವೆಂದು ರಸಾಯನ ವಿಜ್ಞಾನಿ ಷೀಲೆ ತೋರಿಸಿದ್ದು 1779ರಲ್ಲಿ. ಅಷ್ಟು ಹೊತ್ತಿಗೆ ಹೆಸರು ಬೇರುಬಿಟ್ಟಿತ್ತು, ನಮ್ಮ ಭಾಷೆಗೂ ಆ ತಪ್ಪು ಹಾಗೆಯೇ ನಡೆದುಬಂತು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡುವ ಕ್ರಮ 1795ರಲ್ಲಿ ಫ್ರಾನ್ಸಿನ ಕಾಂಟೆ ಕಂಡುಹಿಡಿದದ್ದು. ಮಣ್ಣು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಕಪ್ಪು ಹೆಚ್ಚು. ಮಗು 6ಬಿ ಆರಿಸಿದ್ದು ಅದೃಷ್ಟ. ಅದರಲ್ಲಿ ಗ್ರಾಫೈಟಿನ ಪಾಲು ದೊಡ್ಡದು.

ಈಗ ಮಗುವಿನ ಪ್ರಶ್ನೆ. ತಾಯೀ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ, ಈ ಎರಡು ಪಾಠಗಳನ್ನು ಒಂದಕ್ಕೊಂದು ಹೀಗೆ ಎದುರು ನಿಲ್ಲಿಸಿ ಯಾವ ಮಗುವೂ ನನ್ನನ್ನು ಕೇಳಿರಲಿಲ್ಲ. ನಾನೂ ನಿಲ್ಲಿಸಿರಲಿಲ್ಲ, ಅದನ್ನೂ ಹೇಳಬೇಕು.

ಇಂಗಾಲದ ಪರಮಾಣುವಿನಲ್ಲಿ ಆರು ಎಲೆಕ್ಟ್ರಾನುಗಳು, ಅಂದರೆ ಋಣ ವಿದ್ಯುತ್ತಿನ ಕಿರುಕಣಗಳು. ಎರಡು ಒಳಮನೆಯಲ್ಲಿ, ನಾಲ್ಕು ಹೊರಜಗುಲಿಯಲ್ಲಿ. ಜಗುಲಿ ತುಂಬಲು ಎಂಟು ಬೇಕು. ನಾಲ್ಕನ್ನು ಕೊಟ್ಟು ಕೈತೊಳೆದುಕೊಳ್ಳೋಣವೆಂದರೆ ಕಷ್ಟ, ಇನ್ನೂ ನಾಲ್ಕನ್ನು ಕಿತ್ತುಕೊಳ್ಳೋಣವೆಂದರೆ ಅದೂ ಕಷ್ಟ. ಹಾಗಾಗಿ ಅದು ಹಂಚಿಕೊಳ್ಳುತ್ತದೆ. ವಾರಕ್ಕೆ ಕೊಟ್ಟ ಗದ್ದೆಯ ಹಾಗೆ, ಬೆಳೆ ಇಬ್ಬರದೂ. ಇದಕ್ಕೇ ಸಹವೇಲೆನ್ಸಿ ಬಂಧ ಎಂದು ಹೆಸರು. ತರಗತಿಯಲ್ಲಿ ನಾನು ಇಂಗಾಲಕ್ಕೆ ನಾಲ್ಕು ಕೈಗಳು ಎಂದು ಹೇಳುತ್ತಿದ್ದೆ.

ನಿಮ್ಮ ಬಾಚಣಿಗೆ ಯಾವ ಪ್ಲಾಸ್ಟಿಕ್ಕಿನದೋ ನೋಡಿದವರಿಗೆ ಗೊತ್ತು. ಎಲ್ಲಕ್ಕಿಂತ ಸರಳವಾದ ಪಾಲಿಥೀನನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಾವಿರಾರು ಇಂಗಾಲಗಳು ಸಾಲಾಗಿ ನಿಂತಿವೆ. ಪ್ರತಿಯೊಂದೂ ಎಡಗಡೆ ಒಬ್ಬನನ್ನು, ಬಲಗಡೆ ಒಬ್ಬನನ್ನು ಹಿಡಿದಿದೆ. ಉಳಿದ ಎರಡು ಕೈಗಳಲ್ಲಿ ಎರಡು ಹೈಡ್ರೋಜನ್. ನಾಲ್ಕು ಕೈಗಳೂ ಭರ್ತಿ. ಒಂದು ಎಲೆಕ್ಟ್ರಾನಿಗೂ ಬಿಡುವಿಲ್ಲ. ಕೂದಲಿನಿಂದ ಉಜ್ಜಿ ತಂದ ಹೊಸ ಎಲೆಕ್ಟ್ರಾನು ಇದರ ಮೇಲೆ ಕುಳಿತರೆ ಕುಳಿತಲ್ಲೇ ಕುಳಿತಿರಬೇಕು. ಮುಂದೆ ಹೋಗಲು ದಾರಿಯಿಲ್ಲ.

ಗ್ರಾಫೈಟಿನಲ್ಲಿ ಲೆಕ್ಕ ಬೇರೆ. ಅಲ್ಲಿ ಪ್ರತಿ ಇಂಗಾಲವೂ ಮೂವರನ್ನಷ್ಟೇ ಹಿಡಿದು ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳ ಹಾಳೆ ಕಟ್ಟುತ್ತದೆ. ನಾಲ್ಕನೆಯ ಎಲೆಕ್ಟ್ರಾನು ಯಾವ ಒಬ್ಬನ ಸ್ವತ್ತೂ ಅಲ್ಲ, ಹಾಳೆಯ ಉದ್ದಗಲಕ್ಕೂ ಓಡಾಡಿಕೊಂಡಿರುತ್ತದೆ. ಆದ್ದರಿಂದಲೇ ಗ್ರಾಫೈಟ್ ವಿದ್ಯುತ್ ವಾಹಕ, ಅಂದರೆ ವಿದ್ಯುತ್ತನ್ನು ಹರಿಯಗೊಡುವ ವಸ್ತು. ಮಗು ಉಜ್ಜಿ ಒಂದಿಷ್ಟು ಆವೇಶವನ್ನು, ಅಂದರೆ ವಿದ್ಯುತ್ತಿನ ಹೊರೆಯನ್ನು, ತಂದರೂ ಅದು ಕಡ್ಡಿಯಿಂದ ಬೆರಳಿಗೆ, ಬೆರಳಿನಿಂದ ಮೈಗೆ, ಮೈಯಿಂದ ನೆಲಕ್ಕೆ ಜಾರಿಹೋಯಿತು.

ಹಾಳೆ ಹಾಳೆಗಳ ನಡುವೆ ಹಿಡಿತ ಸಡಿಲ. ಅದಕ್ಕೇ ಕಾಗದದ ಮೇಲೆ ಎಳೆದರೆ ಪದರ ಕಳಚಿ ಗೆರೆಯಾಗುತ್ತದೆ. ತಲೆಗೆ ಉಜ್ಜಿದರೆ ಕೂದಲು ಕಪ್ಪಾಗುತ್ತದೆ. ವಜ್ರವೂ ಬರೀ ಇಂಗಾಲವೇ, ಆದರೆ ಅಲ್ಲಿ ನಾಲ್ಕೂ ಕೈಗಳು ನಾಲ್ಕು ಇಂಗಾಲಗಳನ್ನು ಹಿಡಿದಿವೆ. ಅದು ಅವಾಹಕ. ಅಂದರೆ ವಿದ್ಯುತ್ತಿನ ವಿಷಯದಲ್ಲಿ ವಜ್ರಕ್ಕೆ ಹತ್ತಿರದ ನೆಂಟ ನಿಮ್ಮ ಹತ್ತು ರೂಪಾಯಿಯ ಬಾಚಣಿಗೆ, ಪೆನ್ಸಿಲ್ ಅಲ್ಲ.

ಹೆಬ್ಬಾಳ ಎರಡನೇ ಹಂತ | ಮೈಸೂರು | ಭಾನುವಾರ ರಾತ್ರಿ 10.30

ಮೇಷ್ಟ್ರ ವಿವರಣೆ ಚೆನ್ನಾಗಿದೆ, ಒಂದು ಮಾತು ಮಾತ್ರ ಬಿಗಿ ಮಾಡಬೇಕು. ಇದನ್ನು ಓದಿದ ಮಕ್ಕಳು ವಾಹಕಗಳಿಗೆ ಆವೇಶವೇ ಬರುವುದಿಲ್ಲ ಎಂದು ಬರೆದು ಬರುತ್ತಾರೆ. ಅದು ತಪ್ಪು. ವಾಹಕಕ್ಕೂ ಆವೇಶ ಬರುತ್ತದೆ, ನಿಲ್ಲಬೇಕಾದರೆ ಅದನ್ನು ನೆಲದಿಂದ ಬೇರ್ಪಡಿಸಿ ಹಿಡಿಯಬೇಕು. ಸ್ಟೀಲ್ ಚಮಚವನ್ನು ಬರಿಗೈಯಲ್ಲಿ ಹಿಡಿದರೆ ಏನೂ ಇಲ್ಲ. ಒಣಗಿದ ಪಿವಿಸಿ ಪೈಪಿನ ತುಂಡಿನ ತುದಿಗೆ ಸಿಕ್ಕಿಸಿ, ಪೈಪನ್ನು ಮಾತ್ರ ಮುಟ್ಟಿ, ಉಜ್ಜಿದ ಬಾಚಣಿಗೆಯನ್ನು ಚಮಚಕ್ಕೆ ಒರೆಸಿದರೆ ಚಮಚವೂ ಚೂರುಗಳನ್ನು ಎಳೆಯುತ್ತದೆ. ಮಗುವಿನ ಪೆನ್ಸಿಲಿಗೆ ಆವೇಶ ಬರಲಿಲ್ಲವೆಂದಲ್ಲ, ಬಂದದ್ದು ನಿಲ್ಲಲಿಲ್ಲ.

ಉಜ್ಜಿದಾಗ ಎಲೆಕ್ಟ್ರಾನುಗಳೇ ದಾಟುತ್ತವೆ ಎಂದು ಶಾಲೆಗೆ ಸಾಕಾಗುವಷ್ಟು ಹೇಳುತ್ತೇವೆ. ಅವಾಹಕಗಳ ವಿಷಯದಲ್ಲಿ ಎಲೆಕ್ಟ್ರಾನು ಎಷ್ಟು, ಅಯಾನು (ಆವೇಶ ಹೊತ್ತ ಪರಮಾಣು) ಎಷ್ಟು, ವಸ್ತುವಿನ ಪುಡಿಯೇ ಕಿತ್ತು ಹೋಗುವುದು ಎಷ್ಟು ಎಂಬ ವಾದ ಸಂಶೋಧಕರ ನಡುವೆ ಇನ್ನೂ ನಡೆಯುತ್ತಿದೆ. ಎರಡೂವರೆ ಸಾವಿರ ವರ್ಷ ಹಳೆಯ ಆಟ, ಇನ್ನೂ ಪೂರ್ತಿ ಬಿಡಿಸಿಲ್ಲ.

ಗುತ್ತಲು ರಸ್ತೆಯ ತಾಯಿ | ಮಂಡ್ಯ | ಸೋಮವಾರ ಬೆಳಿಗ್ಗೆ 6.15

ಮೇಷ್ಟ್ರೇ, ಕೈಗಳ ಕಥೆ ಮಗಳಿಗೆ ಅರ್ಥವಾಯಿತು. ಮಗ ಪುಸ್ತಕ ತೆಗೆದು ನೋಡಿ, ಹೌದು, ಇದೇ ಚತುರ್ವೇಲೆನ್ಸಿ ಎಂದು ಒಪ್ಪಿಕೊಂಡ. ಶಾಲೆಯ ವ್ಯಾನಿಗೆ ಕಾಯುವಾಗ ಅವಳು ಕೇಳಿದ್ದು: ಉಜ್ಜಿದ್ದು ಬಾಚಣಿಗೆಯನ್ನು, ಕಾಗದವನ್ನು ಯಾರೂ ಉಜ್ಜಿಲ್ಲ. ಅದಕ್ಕೆ ಆವೇಶವಿಲ್ಲ ಎಂದ ಮೇಲೆ ಅದು ಏಕೆ ಬರಬೇಕು? ಬಂದದ್ದು ಮತ್ತೆ ಏಕೆ ಹಾರಬೇಕು?

ನಿವೃತ್ತ ಮೇಷ್ಟ್ರು | ಕುವೆಂಪುನಗರ, ಮೈಸೂರು | ಸೋಮವಾರ ಬೆಳಿಗ್ಗೆ 8.50

ಮೊದಲು ಹೆಬ್ಬಾಳದವರಿಗೆ: ಒಪ್ಪಿದೆ, ನಾನು ಅವಸರ ಮಾಡಿದೆ.

ಕಾಗದದ ಚೂರಿನಲ್ಲಿ ಧನ, ಋಣ ಎಂಬ ಎರಡು ಬಗೆಯ ಆವೇಶಗಳೂ ಸಮನಾಗಿವೆ. ಆವೇಶವಿಲ್ಲ ಎನ್ನುವುದು ಎರಡೂ ಇಲ್ಲವೆಂದಲ್ಲ, ಲೆಕ್ಕ ಸರಿದೂಗಿದೆ ಎಂದು. ಋಣಾವೇಶದ ಬಾಚಣಿಗೆ ಹತ್ತಿರ ಬಂದಾಗ ಚೂರಿನ ಋಣ ಒಂದಿಷ್ಟು ಆಚೆಗೆ ಸರಿಯುತ್ತದೆ. ಬಾಚಣಿಗೆಯ ಕಡೆಯ ಮುಖ ಧನ, ಆಚೆಯ ಮುಖ ಋಣ. ಈಚೆಯದನ್ನು ಬಾಚಣಿಗೆ ಸೆಳೆಯುತ್ತದೆ, ಆಚೆಯದನ್ನು ತಳ್ಳುತ್ತದೆ. 1785ರಲ್ಲಿ ಕೂಲಂಬ್ ಅಳೆದು ಹೇಳಿದ ಹಾಗೆ ದೂರ ಎರಡರಷ್ಟಾದರೆ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತಿರದ ಸೆಳೆತವೇ ಗೆಲ್ಲುತ್ತದೆ, ಕಾಗದ ಏಳುತ್ತದೆ. ಅಂಟಿಕೊಂಡ ಮೇಲೆ ಕೆಲವು ಚೂರುಗಳಿಗೆ ಬಾಚಣಿಗೆಯ ಋಣವೇ ದಾಟುತ್ತದೆ. ಆಮೇಲೆ ಎರಡೂ ಒಂದೇ ಜಾತಿ, ತಳ್ಳಿಸಿಕೊಂಡು ಹಾರುತ್ತದೆ.

ಈ ಆಟ ಶುರುವಾದದ್ದೇ ಇಂಗಾಲದ ಸಂಯುಕ್ತದಿಂದ ಎಂದು ನಿಮ್ಮ ಮಗನಿಗೆ ಹೇಳಿ. ಆಂಬರ್ ಎಂದರೆ ಕೋಟ್ಯಂತರ ವರ್ಷ ಮಣ್ಣಿನಲ್ಲಿ ಹೂತು ಕಲ್ಲಿನಂತಾದ ಮರದ ರಾಳ. ಅದನ್ನು ಉಜ್ಜಿದರೆ ಹುಲ್ಲುಕಡ್ಡಿ ಎಳೆಯುತ್ತದೆ ಎಂಬುದು ಗ್ರೀಸಿನ ಥೇಲ್ಸನ ಕಾಲಕ್ಕೇ ಗೊತ್ತಿತ್ತು. ಗ್ರೀಕರು ಆಂಬರನ್ನು ಎಲೆಕ್ಟ್ರಾನ್ ಎಂದು ಕರೆಯುತ್ತಿದ್ದರು. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಆ ಹೆಸರಿನಿಂದಲೇ ಎಲೆಕ್ಟ್ರಿಕ್ ಎಂಬ ಪದವನ್ನು ಕಟ್ಟಿದರು. ನಮ್ಮ ಇಂಗಾಲವೂ ಕಡಿಮೆಯದಲ್ಲ. ಹಳಗನ್ನಡದಲ್ಲಿ ಇಂಗಳ ಎಂದರೆ ಕೆಂಡ. ಈಗಿನ ಪುಸ್ತಕಗಳು ಕಾರ್ಬನ್ ಎಂದೇ ಬರೆಯುತ್ತವೆ. ಬರೆಯಲಿ, ನನಗೆ ಮಾತ್ರ ಇಂಗಾಲವೆಂದರೆ ಒಲೆ ಕಣ್ಣೆದುರಿಗೆ ಬರುತ್ತದೆ.

ಒಂದೇ ಗುರಿ | ಮಂಡ್ಯ | ಸೋಮವಾರ ಮಧ್ಯಾಹ್ನ 1.20

ಕ್ಷಮಿಸಿ, ಇದರಲ್ಲಿ ಪರೀಕ್ಷೆಗೆ ಬರುವುದು ಎಷ್ಟು? ಹತ್ತನೇ ತರಗತಿಯ ಹುಡುಗ ಈಗ ಈಥೇನ್, ಈಥೀನ್, ಈಥೈನ್ ರಚನೆಗಳನ್ನು ಬರೆದು ರೂಢಿ ಮಾಡಿಕೊಳ್ಳಬೇಕು. ಬಾಚಣಿಗೆಗೆ ಅಂಕವಿಲ್ಲ.

ಮೇಟಗಳ್ಳಿ ಟಯರ್ | ಮೈಸೂರು | ಸೋಮವಾರ ಮಧ್ಯಾಹ್ನ 2.45

ಒಂದೇ ಗುರಿಯವರೇ, ಅಂಕ ನಿಮಗೇ ಇರಲಿ. ನಾನು ಟಯರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ರಬ್ಬರ್ ಬೆರೆಸುವ ವಿಭಾಗದಲ್ಲಿದ್ದೆ. ಬೆಳಿಗ್ಗೆ ಬಿಳಿ ಬನಿಯನ್ನಿನಲ್ಲಿ ಹೋಗಿ ಸಂಜೆ ಕಪ್ಪು ಬನಿಯನ್ನಿನಲ್ಲಿ ಬರುತ್ತಿದ್ದೆ. ಮೂಗು ಒರೆಸಿದರೆ ಕರವಸ್ತ್ರವೂ ಕಪ್ಪು. ಆ ಕಪ್ಪಿಗೆ ನಾವು ಕಾರ್ಬನ್ ಬ್ಲ್ಯಾಕ್ ಎನ್ನುತ್ತೇವೆ. ಎಣ್ಣೆಯನ್ನು ಗಾಳಿ ಸಾಲದಂತೆ ಉರಿಸಿ ಹಿಡಿದ ಮಸಿ, ದೀಪದ ಕಾಡಿಗೆಯ ದೊಡ್ಡಣ್ಣ. ಟಯರಿನ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಅದನ್ನು ಹಾಕುವ ಮೊದಲು ಟಯರುಗಳು ಬೆಳ್ಳಗಿರುತ್ತಿದ್ದವು, ಬೇಗ ಸವೆಯುತ್ತಿದ್ದವು.

ಮಗುವಿನ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ. ರಬ್ಬರ್ ಎಂದರೆ ಇಂಗಾಲ, ಹೈಡ್ರೋಜನ್ನುಗಳ ಉದ್ದ ಸರಪಳಿ, ಬಾಚಣಿಗೆಯ ಕಡೆಯವನು, ಅವಾಹಕ. ಮಸಿ ಗ್ರಾಫೈಟಿನ ಕಡೆಯವನು. ಒಂದರ ಪಕ್ಕ ಒಂದು ಮಸಿ ಕಣ ಸೇರಿ ರಬ್ಬರಿನ ಒಳಗೇ ದಾರಿಯಾಗುತ್ತದೆ. ವಾಹನ ಓಡುವಾಗ ಹುಟ್ಟುವ ಆವೇಶ ಆ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ. ಈಚೆಗೆ ಪೆಟ್ರೋಲ್ ಉಳಿಸಲೆಂದು ಮಸಿಯ ಬದಲು ಸಿಲಿಕಾ, ಅಂದರೆ ಮರಳಿನ ಜಾತಿಯ ಪುಡಿ, ಹೆಚ್ಚು ಹಾಕುತ್ತಾರೆ. ಸಿಲಿಕಾ ವಾಹಕವಲ್ಲ, ಅಂಥ ಟಯರಿನಲ್ಲಿ ಮಸಿ ಬೆರೆಸಿದ ರಬ್ಬರಿನ ಸಣ್ಣ ಪಟ್ಟಿಯೊಂದನ್ನು ನೆಲ ಮುಟ್ಟುವಂತೆ ಬೇರೆಯಾಗಿ ಕೂಡಿಸುತ್ತಾರೆ, ಆವೇಶ ಇಳಿಯಲೆಂದೇ.

ಇದೇ ಕಾರಣಕ್ಕೆ ಬಂಕಿನಲ್ಲಿ ಟ್ಯಾಂಕರಿನಿಂದ ಪೆಟ್ರೋಲ್ ಇಳಿಸುವ ಮೊದಲು ತಂತಿ ಕಟ್ಟಿ ನೆಲಕ್ಕೆ ಜೋಡಿಸುತ್ತಾರೆ. ಪೆಟ್ರೋಲ್ ಕೊಳವೆಯಲ್ಲಿ ಹರಿಯುತ್ತಲೇ ಆವೇಶ ಕಟ್ಟಿಕೊಳ್ಳುತ್ತದೆ. ದಯವಿಟ್ಟು ಯಾರೂ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಬೇಡಿ.

ಆಲೆಮನೆ ಹುಡುಗ | ಮದ್ದೂರು ತಾಲ್ಲೂಕು | ಸೋಮವಾರ ರಾತ್ರಿ 8.10

ನನ್ನದೊಂದು ತಗಾದೆ ಇದೆ. ಬಿಎಸ್ಸಿ ಮೊದಲ ವರ್ಷ, ಮನೆಯಲ್ಲಿ ಆಲೆಮನೆ. ಮೇಷ್ಟ್ರು ಹೇಳಿದ್ದನ್ನು ಓದಿ, ಇದ್ದಿಲೂ ಇಂಗಾಲವೇ, ಅದೂ ವಾಹಕವಾಗಬೇಕು ಎಂದುಕೊಂಡು ಇವತ್ತು ಪರೀಕ್ಷೆ ಮಾಡಿದೆ. ಎರಡು ಸೆಲ್ಲು, ಟಾರ್ಚಿನ ಬಲ್ಬು, ತಂತಿ. ನಡುವೆ ಬಚ್ಚಲ ಒಲೆಯ ಇದ್ದಿಲು ಇಟ್ಟರೆ ಬಲ್ಬು ಹತ್ತಲಿಲ್ಲ. ಕೊಪ್ಪರಿಗೆಯ ಅಂಚಿನಲ್ಲಿ ಕರಕಲಾಗಿ ಅಂಟಿದ್ದ ಬೆಲ್ಲದ ಚೂರು ಇಟ್ಟೆ, ಹತ್ತಲಿಲ್ಲ. ಅಜ್ಜನ ಕಾಲದ ರೇಡಿಯೋದ ಹಳೆಯ ಸೆಲ್ಲಿನ ಕಪ್ಪು ಕಡ್ಡಿ ಅಟ್ಟದ ಡಬ್ಬಿಯಲ್ಲಿತ್ತು. ಚಿಕ್ಕವರಿದ್ದಾಗ ಸೆಲ್ಲು ಒಡೆದು ಆ ಕಡ್ಡಿಯಲ್ಲಿ ಗೋಡೆಯ ಮೇಲೆಲ್ಲ ಗೀಚುತ್ತಿದ್ದೆವು. ಅದನ್ನು ಇಟ್ಟ ತಕ್ಷಣ ಬಲ್ಬು ಉರಿಯಿತು. ಮೂರೂ ಇಂಗಾಲ, ಮೂರೂ ಕಪ್ಪು. ಕಪ್ಪಿದ್ದ ಮಾತ್ರಕ್ಕೆ ವಾಹಕವಲ್ಲ ಎಂದಾಯಿತಲ್ಲ?

ನಿವೃತ್ತ ಮೇಷ್ಟ್ರು | ಕುವೆಂಪುನಗರ, ಮೈಸೂರು | ಸೋಮವಾರ ರಾತ್ರಿ 9.35

ಭೇಷ್. ಆಯಿತು.

ನಿಮ್ಮ ಮನೆಯ ಕಬ್ಬಿನಿಂದಲೇ ಹೇಳುತ್ತೇನೆ. ಸಕ್ಕರೆಯ ಒಂದು ಅಣುವಿನಲ್ಲಿ ಇಂಗಾಲ 12, ಹೈಡ್ರೋಜನ್ 22, ಆಮ್ಲಜನಕ 11. ಹೈಡ್ರೋಜನ್ ಮತ್ತು ಆಮ್ಲಜನಕದ ಲೆಕ್ಕ ನೋಡಿ, ಹನ್ನೊಂದು ನೀರಿನ ಅಣುಗಳಿಗೆ ಸರಿಯಾಗಿದೆ. ಕಾಯಿಸುತ್ತ ಹೋದರೆ ನೀರು ಆವಿಯಾಗಿ ಹೊರಟುಹೋಗುತ್ತದೆ. ಮೊದಲು ಹೊಂಬಣ್ಣ, ಆಮೇಲೆ ಕಂದು, ಕೊನೆಗೆ ಕರಕಲು. ಸಕ್ಕರೆಗೆ ಗಾಢ ಗಂಧಕಾಮ್ಲ ಹಾಕಿ ಕಪ್ಪು ಕಂಬ ಎಬ್ಬಿಸುವ ಪ್ರಯೋಗವೂ ಇದೇ, ಅಲ್ಲಿ ನೀರನ್ನು ಕಿತ್ತುಕೊಳ್ಳುವುದು ಆಮ್ಲ. ಅದನ್ನು ಮನೆಯಲ್ಲಿ ಯಾರೂ ಮಾಡಬೇಡಿ.

ಆದರೆ ಒಲೆಯ ಶಾಖಕ್ಕೆ ಆದ ಕರಕಲಿನಲ್ಲಿ ಹೈಡ್ರೋಜನ್, ಆಮ್ಲಜನಕ ಇನ್ನೂ ಉಳಿದಿರುತ್ತವೆ. ಆರು ಮೂಲೆಯ ಮನೆಗಳು ಅಲ್ಲೊಂದು ಇಲ್ಲೊಂದು ಕಟ್ಟಿರುತ್ತವೆ, ಬೀದಿಗಳು ಕೂಡಿರುವುದಿಲ್ಲ. ಎಲೆಕ್ಟ್ರಾನು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಪರದಾಡಬೇಕು. ಅದೇ ಇದ್ದಿಲನ್ನು ಗಾಳಿ ತಾಗದಂತೆ ಸಾವಿರ ಡಿಗ್ರಿಗೆ ಕಾಯಿಸಿ, ಆಗ ಮನೆಗಳು ಬೆಳೆದು ಒಂದಕ್ಕೊಂದು ತಾಗುತ್ತವೆ, ವಾಹಕವಾಗುತ್ತದೆ. ಸೆಲ್ಲಿನ ಕಡ್ಡಿ ಹಾಗೆ ಹೆಚ್ಚಿನ ಶಾಖದಲ್ಲಿ ಬೆಂದದ್ದು. ಈಗಿನ ಸೆಲ್ಲುಗಳನ್ನು ಒಡೆಯಲು ಹೋಗಬೇಡಿ, ಹಲವದರಲ್ಲಿ ಚರ್ಮ ಸುಡುವ ಕ್ಷಾರವಿರುತ್ತದೆ.

ಜೆ.ಪಿ. ನಗರ ಮೂಲೆಮನೆ | ಮೈಸೂರು | ಸೋಮವಾರ ರಾತ್ರಿ 9.50

ಸೀಸದ ವಿಷಯದಲ್ಲಿ ಸೋತೆ, ಒಪ್ಪುತ್ತೇನೆ. ವಜ್ರ ಸುಟ್ಟರೆ ಇದ್ದಿಲಾಗುತ್ತದೆ ಎಂದು ನಮ್ಮ ತಾತ ಹೇಳುತ್ತಿದ್ದರು. ಅದಾದರೂ ನಿಜವೇ?

ನಿವೃತ್ತ ಮೇಷ್ಟ್ರು | ಕುವೆಂಪುನಗರ, ಮೈಸೂರು | ಸೋಮವಾರ ರಾತ್ರಿ 10.02

ಗಾಳಿಯಲ್ಲಿ ಸುಟ್ಟರೆ ಏನೂ ಉಳಿಯುವುದಿಲ್ಲ, ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. 1797ರಲ್ಲಿ ಸ್ಮಿತ್‌ಸನ್ ಟೆನೆಂಟ್ ವಜ್ರವನ್ನು ಸುಟ್ಟು, ಹುಟ್ಟಿದ ಅನಿಲವನ್ನು ಅಳೆದು, ಅಷ್ಟೇ ತೂಕದ ಇದ್ದಿಲು ಕೊಡುವಷ್ಟೇ ಅನಿಲ ಬಂತೆಂದು ತೋರಿಸಿದರು. ತಾತನವರಿಗೆ ಅರ್ಧ ಅಂಕ.

ಜೆರಾಕ್ಸ್ ಅಂಗಡಿ | ಸರಸ್ವತಿಪುರಂ, ಮೈಸೂರು | ಮಂಗಳವಾರ ಬೆಳಿಗ್ಗೆ 11.15

ನಾನು ಓದಿದ್ದು ಕಡಿಮೆ, ಯಂತ್ರದ ಮುಂದೆ ನಿಂತದ್ದು ಹೆಚ್ಚು. ಈ ಚರ್ಚೆಯನ್ನು ಒಬ್ಬ ಗಿರಾಕಿ ತೋರಿಸಿದರು. ಓದಿದಾಗ ಇದು ನಮ್ಮ ಅಂಗಡಿಯ ಮಾತೇ ಎನ್ನಿಸಿತು. ಜೆರಾಕ್ಸ್ ಯಂತ್ರದಲ್ಲಿ ನಡೆಯುವುದು ಬಾಚಣಿಗೆ ಮತ್ತು ಚೂರಿನ ಆಟವೇ.

ಹಳೆಯ ಯಂತ್ರದ ಲೆಕ್ಕದಲ್ಲಿ ಹೇಳುತ್ತೇನೆ. ಒಳಗೆ ಒಂದು ಡ್ರಮ್ಮು ಇರುತ್ತದೆ. ಕತ್ತಲಲ್ಲಿ ಅದರ ಮೈಗೆಲ್ಲ ಆವೇಶ ತುಂಬುತ್ತಾರೆ. ಅದರ ಲೇಪ ವಿಚಿತ್ರ, ಕತ್ತಲಲ್ಲಿ ಅವಾಹಕ, ಬೆಳಕು ಬಿದ್ದ ಜಾಗದಲ್ಲಿ ವಾಹಕ. ನಿಮ್ಮ ಹಾಳೆಯ ಬಿಳಿ ಭಾಗದಿಂದ ಬೆಳಕು ಚಿಮ್ಮಿ ಡ್ರಮ್ಮಿಗೆ ಬಿದ್ದಲ್ಲಿ ಆವೇಶ ಇಳಿದುಹೋಗುತ್ತದೆ. ಅಕ್ಷರವಿದ್ದಲ್ಲಿ ಬೆಳಕಿಲ್ಲ, ಆವೇಶ ಹಾಗೆಯೇ ಉಳಿಯುತ್ತದೆ. ಟೋನರ್ ಪುಡಿ ಹೋಗಿ ಅಲ್ಲಿಗೆ ಅಂಟುತ್ತದೆ. ಹಿಂಬದಿಯಿಂದ ಕಾಗದಕ್ಕೆ ಆವೇಶ ಕೊಟ್ಟು ಪುಡಿಯನ್ನು ಕಾಗದಕ್ಕೆ ಎಳೆದುಕೊಂಡು, ಬಿಸಿ ರೋಲರಿನ ನಡುವೆ ಹಾಯಿಸಿದರೆ ಪುಡಿ ಕರಗಿ ಕೂರುತ್ತದೆ. ಕೈಗೆ ಬಂದ ಪ್ರತಿ ಬೆಚ್ಚಗಿರುವುದು ಅದಕ್ಕೇ.

ಕಪ್ಪು ಟೋನರಿನಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕಿನ ಪುಡಿ, ಒಂದು ಸಣ್ಣ ಪಾಲು ಕಾರ್ಬನ್ ಬ್ಲ್ಯಾಕ್. ಸರ್ವಿಸ್‌ಗೆ ಬರುವ ಹುಡುಗನನ್ನು ಹಿಂದೊಮ್ಮೆ ಕೇಳಿದ್ದೆ, ಕಪ್ಪು ಇನ್ನೂ ಜಾಸ್ತಿ ಹಾಕಬಾರದೇ ಎಂದು. ಹಾಕಿದರೆ ಪುಡಿಯ ಮೇಲೆ ಆವೇಶ ನಿಲ್ಲುವುದಿಲ್ಲ, ಸೋರಿಹೋಗುತ್ತದೆ ಅಣ್ಣಾ ಎಂದಿದ್ದ. ಅವತ್ತು ಅರ್ಥವಾಗಿರಲಿಲ್ಲ. ಇವತ್ತು ಟಯರಿನವರ ಮಾತು ಓದಿದ ಮೇಲೆ ಅರ್ಥವಾಯಿತು. ಪ್ಲಾಸ್ಟಿಕ್ ಆವೇಶ ಹಿಡಿದಿಡಲು, ಮಸಿ ಕಣ್ಣಿಗೆ ಕಾಣಲು.

ಮಳೆಗಾಲದಲ್ಲಿ ಕಾಗದ ತೇವ ಹಿಡಿದರೆ ಅಕ್ಷರ ಮಸುಕಾಗುತ್ತದೆ, ನಡುನಡುವೆ ಬಿಟ್ಟುಹೋಗುತ್ತದೆ. ಆಷಾಢದಲ್ಲಿ ನಾವು ರೀಮಿನ ಹೊದಿಕೆ ಬಿಚ್ಚುವುದೇ ಇಲ್ಲ, ಬೇಕಾದಷ್ಟನ್ನೇ ಎಳೆದುಕೊಳ್ಳುತ್ತೇವೆ. ಇನ್ನೊಂದು: ಟೋನರ್ ಬಟ್ಟೆಗೆ ಬಿದ್ದರೆ ಬಿಸಿನೀರು ಹಾಕಬೇಡಿ. ಪ್ಲಾಸ್ಟಿಕ್ ಮೆತ್ತಗಾಗಿ ನೂಲಿಗೆ ಕೂತುಬಿಡುತ್ತದೆ. ಒದರಿ, ತಣ್ಣೀರಿನಲ್ಲಿ ತೊಳೆಯಿರಿ. ಈ ಪಾಠಕ್ಕೆ ನನಗೆ ಎರಡು ಅಂಗಿ ಖರ್ಚಾಗಿದೆ.

ಹೆಬ್ಬಾಳ ಎರಡನೇ ಹಂತ | ಮೈಸೂರು | ಮಂಗಳವಾರ ಮಧ್ಯಾಹ್ನ 12.40

ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ತಲೆಗೆ ಹೊಳೆದಿರಲಿಲ್ಲ. ಜೊತೆಗೆ ಒಂದು ವಿಷಯ. ಇದನ್ನು ಮೊದಲು ಮಾಡಿ ತೋರಿಸಿದ ಚೆಸ್ಟರ್ ಕಾರ್ಲ್‌ಸನ್ ಬಳಸಿದ್ದು ಗಂಧಕ ಬಳಿದ ಸತುವಿನ ತಗಡು, ಅದನ್ನು ಉಜ್ಜಲು ಕರವಸ್ತ್ರ. ಕತ್ತಲಲ್ಲಿ ಉಜ್ಜಿ, ಬರೆದ ಗಾಜನ್ನು ಮೇಲಿಟ್ಟು, ದೀಪದ ಬೆಳಕು ಹಾಯಿಸಿ, ಒಂದು ಬಗೆಯ ಸಸ್ಯದ ಸಣ್ಣ ಬೀಜಕಗಳ ಪುಡಿ ಉದುರಿಸಿ ಊದಿದಾಗ ಅಕ್ಷರ ಮೂಡಿತು. ಬರೆದಿದ್ದದ್ದು ಆ ದಿನದ ತಾರೀಖು ಮತ್ತು ನ್ಯೂಯಾರ್ಕಿನ ಅಸ್ಟೋರಿಯಾ ಬಡಾವಣೆಯ ಹೆಸರು: 22 ಅಕ್ಟೋಬರ್ 1938. ಕಚೇರಿಗಳಲ್ಲಿ ಇಡಬಹುದಾದ ಯಂತ್ರ ಬರಲು 1959ರವರೆಗೆ ಕಾಯಬೇಕಾಯಿತು.

ಹಿಟ್ಟಿನ ಗಿರಣಿ | ಪಾಂಡವಪುರ | ಮಂಗಳವಾರ ಸಂಜೆ 4.30

ಗಿರಣಿಯ ಬೆಲ್ಟ್ ಓಡುವಾಗ ಪಕ್ಕದಲ್ಲಿ ಕೈ ಇಟ್ಟರೆ ರೋಮ ನಿಮಿರುತ್ತದೆ. ಬೇಸಿಗೆಯಲ್ಲಿ ಚುರುಕ್ಕೆನ್ನುವ ಕಿಡಿಯೂ ಹಾರುತ್ತದೆ. ಅಪ್ಪ ಅದಕ್ಕೆ ಬೆಲ್ಟಿನ ದೆವ್ವ ಎನ್ನುತ್ತಿದ್ದರು. ಇದೂ ಅದೇ ಏನು?

ಹೆಬ್ಬಾಳ ಎರಡನೇ ಹಂತ | ಮೈಸೂರು | ಮಂಗಳವಾರ ಸಂಜೆ 5.10

ಅದೇ. ಓಡುವ ಬೆಲ್ಟಿನ ಮೇಲೆ ಆವೇಶ ಹೇರಿ ಟೊಳ್ಳು ಲೋಹದ ಗುಂಡಿಗೆ ಸಾಗಿಸಿ ಲಕ್ಷಗಟ್ಟಲೆ ವೋಲ್ಟ್ ಕಟ್ಟುವ ಯಂತ್ರವನ್ನು ಅಮೆರಿಕದ ವಾನ್ ಡಿ ಗ್ರಾಫ್ 1929ರಲ್ಲಿ ಮಾಡಿದರು. ನಿಮ್ಮ ಅಪ್ಪನ ದೆವ್ವವನ್ನೇ ಅವರು ದುಡಿಸಿಕೊಂಡರು ಎನ್ನಿ. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಉದ್ದದ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. ಆವೇಶದ ಮೊತ್ತ ತೀರ ಕಡಿಮೆ, ಆದ್ದರಿಂದ ಚುರುಕ್ಕೆಂದು ಬಿಟ್ಟುಬಿಡುತ್ತದೆ. ಆದರೆ ಗಿರಣಿಯಲ್ಲಿ ಹಿಟ್ಟಿನ ದೂಳು ದಟ್ಟವಾಗಿ ತೇಲುವಾಗ ಕಿಡಿ ಒಳ್ಳೆಯದಲ್ಲ, ಹಿಟ್ಟೂ ಇಂಗಾಲದ ಸಂಯುಕ್ತ, ದೂಳಾಗಿ ಗಾಳಿಯಲ್ಲಿದ್ದರೆ ಭಗ್ಗನೆ ಹೊತ್ತಿಕೊಳ್ಳಬಲ್ಲದು. ಯಂತ್ರದ ಮೈಗೆ ನೆಲದ ತಂತಿ ಸರಿಯಾಗಿದೆಯೇ ಎಂದು ಎಲೆಕ್ಟ್ರೀಷಿಯನ್ನಿಗೆ ತೋರಿಸಿ.

ಸೀರೆ ಮಡಿಕೆ | ಮೈಸೂರು | ಮಂಗಳವಾರ ರಾತ್ರಿ 8.25

ಗಂಡಸರೆಲ್ಲ ಟಯರ್, ಬೆಲ್ಟ್ ಎಂದು ಹೇಳಿದಿರಿ. ಮಾಘದ ಒಣಹವೆಯಲ್ಲಿ ಪಾಲಿಯೆಸ್ಟರ್ ಸೀರೆ ಉಟ್ಟು ಹತ್ತು ಹೆಜ್ಜೆ ನಡೆದು ನೋಡಿ, ನೆರಿಗೆಗಳು ಕಾಲಿಗೆ ಅಂಟಿಕೊಂಡು ನಡೆಯಲು ಬಿಡುವುದಿಲ್ಲ. ಮೈಸೂರು ರೇಷ್ಮೆ ಇಷ್ಟು ಕಾಡುವುದಿಲ್ಲ. ರೇಷ್ಮೆಗೂ ಆವೇಶ ಬರುತ್ತದೆ, ಗಾಜಿನ ಕಡ್ಡಿಯನ್ನು ಉಜ್ಜುವುದೇ ಅದರಿಂದ. ಆದರೆ ರೇಷ್ಮೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಹೆಚ್ಚುಕಡಿಮೆ ಹೀರುವುದೇ ಇಲ್ಲ.

ಅಸಲಿ ಯಾವುದು ಎಂದು ನೋಡಲು ನಮ್ಮ ಅತ್ತೆ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ. ಎರಡೂ ಇಂಗಾಲದ ಸರಪಳಿಯೇ ಎಂದು ಈಗ ತಿಳಿಯಿತು. ಅತ್ತೆಗೆ ತಿಳಿಯದೆಯೂ ಅಂಗಡಿಯವನ ಸುಳ್ಳು ಹಿಡಿಯುತ್ತಿದ್ದರು.

ಗುತ್ತಲು ರಸ್ತೆಯ ತಾಯಿ | ಮಂಡ್ಯ | ಬುಧವಾರ ರಾತ್ರಿ 7.50

ಹೆಬ್ಬಾಳದವರು ನನಗೆ ಖಾಸಗಿಯಾಗಿ ಒಂದು ಸಲಹೆ ಕೊಟ್ಟಿದ್ದರು. ಅದರಂತೆ ಇವತ್ತು ಅಣ್ಣ ತಂಗಿ ಇಬ್ಬರೂ ಸೇರಿ ಆವೇಶ ಇದೆಯೇ ಎಂದು ತೋರಿಸುವ ವಿದ್ಯುದ್ದರ್ಶಕ ಮಾಡಿದರು. ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದೆವು. ಜೆಮ್ ಕ್ಲಿಪ್ಪನ್ನು ಬಿಚ್ಚಿ ನೆಟ್ಟಗೆ ಮಾಡಿ ಮುಚ್ಚಳದಲ್ಲಿ ತೂರಿಸಿ, ಒಳತುದಿಯ ಕೊಕ್ಕೆಗೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ಎರಡು ಪಟ್ಟಿಗಳನ್ನು ತೂಗುಹಾಕಿದರು. ಮೊದಲು ರಟ್ಟಿನ ಮುಚ್ಚಳ ಮಾಡಿದ್ದರು. ಉಜ್ಜಿದ ಬಾಚಣಿಗೆ ತಾಗಿಸಿದರೆ ಪಟ್ಟಿಗಳು ಅಗಲವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಳ್ಳುತ್ತಿದ್ದವು. ರಟ್ಟಿನ ಬದಲು ಪ್ಲಾಸ್ಟಿಕ್ ಮುಚ್ಚಳ ಹಾಕಿದ ಮೇಲೆ ಪಟ್ಟಿಗಳು ಅಗಲವಾದವು ಅಗಲವಾಗಿಯೇ ನಿಂತವು.

ಆಮೇಲೆ ಮಗಳು ಪ್ಲಾಸ್ಟಿಕ್ ಸ್ಕೇಲನ್ನು ಕೈಯಲ್ಲಿ ಹಿಡಿದು ಕ್ಲಿಪ್ಪಿಗೆ ತಾಗಿಸಿದಳು. ಪಟ್ಟಿಗಳು ಹಾಗೆಯೇ ಇದ್ದವು. 6ಬಿ ಕಡ್ಡಿಯನ್ನು ತಾಗಿಸಿದಳು, ಪಟ್ ಎಂದು ಬಿದ್ದವು. ಮತ್ತೆ ಬಾಚಣಿಗೆ, ಮತ್ತೆ ಸ್ಕೇಲು, ಮತ್ತೆ ಕಡ್ಡಿ. ಎಂಟು ಸಲ ಮಾಡಿಸಿದಳು, ಎಂಟೂ ಸಲ ಹಾಗೆಯೇ.

ಒಂಬತ್ತನೆಯ ಸಲ ಮಗ ತುಂಟತನಕ್ಕೆ ಬೆಂಕಿಕಡ್ಡಿಯ ಹಿಂದಿನ ತುದಿಯನ್ನು ತಾಗಿಸಿದ. ಬರೀ ಮರ. ಅದಕ್ಕೂ ಪಟ್ಟಿಗಳು ಬಿದ್ದವು, ಆದರೆ ಮೆಲ್ಲಗೆ, ಕಣ್ಣಿಗೆ ಕಾಣುವಷ್ಟು ನಿಧಾನವಾಗಿ. ಮರ ಅವಾಹಕ ಎಂದು ಇಬ್ಬರ ಪುಸ್ತಕದಲ್ಲೂ ಇದೆ.

ಹೆಬ್ಬಾಳ ಎರಡನೇ ಹಂತ | ಮೈಸೂರು | ಬುಧವಾರ ರಾತ್ರಿ 8.20

ಪುಸ್ತಕ ಹೇಳುವುದು ಮನೆಯ ಬಲ್ಬಿನ ಲೆಕ್ಕದಲ್ಲಿ. ಬಲ್ಬು ಉರಿಸುವಷ್ಟು ವಿದ್ಯುತ್ತನ್ನು ಮರ ಹರಿಯಗೊಡುವುದಿಲ್ಲ. ಪಟ್ಟಿಗಳ ಮೇಲಿರುವ ಆವೇಶವಾದರೋ ಅತ್ಯಲ್ಪ, ಅದರ ಹಿಂದಿರುವ ವೋಲ್ಟುಗಳು ಸಾವಿರದ ಲೆಕ್ಕ. ಅಷ್ಟು ಇಳಿದುಹೋಗಲು ಮರದೊಳಗಿನ ತೇವವೇ ಸಾಕು. ನಿಮ್ಮ ರಟ್ಟಿನ ಮುಚ್ಚಳ ಸೋಲಿಸಿದ್ದೂ ಇದೇ ಕಾರಣಕ್ಕೆ. ಬೆಂಕಿಕಡ್ಡಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಚೆನ್ನಾಗಿ ಒಣಗಿಸಿ ಮತ್ತೆ ತಾಗಿಸಲಿ. ತಲೆಯ ಮದ್ದನ್ನು ಮುರಿದು ತೆಗೆದ ಮೇಲೆ, ಮರೆಯಬೇಡಿ.

ಗುತ್ತಲು ರಸ್ತೆಯ ತಾಯಿ | ಮಂಡ್ಯ | ಬುಧವಾರ ರಾತ್ರಿ 9.05

ಒಣಗಿಸಿದ ಕಡ್ಡಿಗೆ ಪಟ್ಟಿಗಳು ಬೀಳಲು ಹೆಚ್ಚು ಹೊತ್ತು ಹಿಡಿಯಿತು. ಮಗ ಮೊಬೈಲಿನಲ್ಲಿ ಸಮಯ ಅಳೆದು ಬರೆದಿಟ್ಟುಕೊಂಡಿದ್ದಾನೆ. ನಾಳೆ ಶಾಲೆಗೆ ಬಾಟಲಿಯನ್ನು ಯಾರು ಒಯ್ಯಬೇಕು ಎಂಬುದು ಈಗಿನ ಜಗಳ. ಬಾಟಲಿ ನನ್ನದು, ಉಪ್ಪಿನಕಾಯಿ ತಟ್ಟೆಯಲ್ಲಿದೆ. ಅದನ್ನು ಯಾರೂ ಕೇಳುತ್ತಿಲ್ಲ.